ಪಗಾರ

ಪಗಾರ ಎಂದರೆ ರನ್ನ ಬೆಳಗಲಿ, ಮುಧೋಳ, ಜಮಖಂಡಿ ಕಡೆ ತಿಂಗಳ ಸಂಬಳ. ಹೊಲದ ದಿನಗೆಲಸಕ್ಕೆ ಸಿಗುವುದು ಪಗಾರವಲ್ಲ, ಕೂಲಿ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಸೀರೆಯ ಲೆಕ್ಕದ ಮೇಲೆ ಸಿಗುವುದು ಮಜೂರಿ. ‘ಪಗಾರ ಆತೇನ್ರಿ?’ ಎಂದು ಕೇಳುವುದು ಸಕ್ಕರೆ ಕಾರ್ಖಾನೆಯ ನೌಕರನನ್ನು, ಸಾಲಿ ಮಾಸ್ತರನ್ನು. ಜೋಳದ ರೊಟ್ಟಿಯಷ್ಟೇ ಊರಿನದೆನ್ನಿಸುವ ಈ ಮಾತಿನ ಬೇರು ರೋಮನ್ನರ ಲ್ಯಾಟಿನ್‌ನಲ್ಲಿದೆ.

ಲ್ಯಾಟಿನ್ನಿನ ಪಾಕ್ಸ್ ಎಂದರೆ ಶಾಂತಿ. ಅದರಿಂದ ಬಂದ ಪಾಕಾರೆ ಎಂದರೆ ಶಾಂತಗೊಳಿಸು. ಸೈನ್ಯ ನುಗ್ಗಿಸಿ ನಾಡನ್ನು ಅಡಗಿಸುವುದಕ್ಕೂ ರೋಮನ್ನರು ಇದೇ ಮಾತು ಬಳಸಿದರು. ಮುಂದೆ ಅದು ಸಾಲ ಕೊಟ್ಟವನನ್ನು ಸಮಾಧಾನಪಡಿಸುವ ಮಾತಾಯಿತು. ಬಾಗಿಲಲ್ಲಿ ಬಂದು ನಿಂತ ಸಾಹುಕಾರನನ್ನು ಸಮಾಧಾನಪಡಿಸಲು ಹಣ ಎಣಿಸಿಕೊಡುವುದೊಂದೇ ದಾರಿ. ಹೀಗೆ ಶಾಂತಿಯ ಮಾತು ಹಣದ ಮಾತಾಯಿತು. ಪೋರ್ಚುಗೀಸ್, ಸ್ಪ್ಯಾನಿಷ್‌ಗಳ ಪಗಾರ್, ಇಟಾಲಿಯನ್ನಿನ ಪಗಾರೆ, ಫ್ರೆಂಚಿನ ಪೇಯೇ, ಎಲ್ಲಕ್ಕೂ ಈಗ ಹಣ ಕೊಡು ಎಂದೇ ಅರ್ಥ. ಅದೇ ಕುಲದ ರುಮೇನಿಯನ್ ಮಾತ್ರ ಹಳೆಯ ಅರ್ಥವನ್ನು ಕೈಬಿಡಲಿಲ್ಲ. ಅಲ್ಲಿನ ಇಂಪಕಾ ಎಂದರೆ ಇಂದಿಗೂ ಜಗಳ ಬಿಡಿಸಿ ರಾಜಿ ಮಾಡಿಸು. ಹಣ ಕೊಡುವುದಕ್ಕೆ ಅದು ಸ್ಲಾವಿಕ್ ನುಡಿಯಿಂದ ಬೇರೊಂದು ಪದ ತಂದುಕೊಂಡಿದೆ.

1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅವರ ಪಗಾರ್ ಕೊಂಕಣಿ, ಮರಾಠಿ, ಗುಜರಾತಿಗಳಿಗೆ ಬಂದಾಗ ಕ್ರಿಯಾಪದ ಹೋಗಿ ನಾಮಪದವಾಯಿತು. ಕೊಡುವ ಕೆಲಸ ಮರೆಯಾಗಿ, ಕೈಗೆ ಬರುವ ಹಣ ಉಳಿಯಿತು. ಮುಧೋಳವನ್ನು ಘೋರ್ಪಡೆಯವರು, ಜಮಖಂಡಿಯನ್ನು ಪಟವರ್ಧನರು 1948ರವರೆಗೆ ಆಳಿದರು. ಈ ಮರಾಠಿ ಮನೆತನಗಳ ಆಳ್ವಿಕೆಯಿಂದಾಗಿ ಮರಾಠಿಯ ಮೂಲಕವೇ ಪದ ಇಲ್ಲಿಗೆ ಬಂದಿರುವ ಸಂಭವ ಹೆಚ್ಚು. ಮೈಸೂರಿನ ಕಡೆ ಸಂಬಳವೇ ಉಳಿಯಿತು.

ಅದೇ ಬೇರು ಫ್ರೆಂಚ್, ಇಂಗ್ಲಿಷ್‌ಗಳನ್ನು ಸುತ್ತಿ ಇದೇ ಸೀಮೆಗೆ ಇನ್ನೊಮ್ಮೆ ಬಂದಿದೆ. ಕಿರಾಣಿ ಅಂಗಡಿಯ ‘ಫೋನ್ ಪೇ’ಯಲ್ಲಿರುವ ಪೇ, ಪಗಾರದ ಒಡಹುಟ್ಟು. ಕಬ್ಬಿನ ‘ಬಿಲ್’ ಕೂಡ ಲ್ಯಾಟಿನ್ನಿನದೇ, ಮುದ್ರೆ ಎಂಬರ್ಥದ ಬುಲ್ಲಾದಿಂದ ಹೊರಟದ್ದು. ಇಂಗ್ಲಿಷಿನಲ್ಲಿ ಅದು ಹಣ ಕೇಳುವ ಚೀಟಿ. ಇಲ್ಲಿನ ರೈತನಿಗೆ ಕಾರ್ಖಾನೆಯಿಂದ ಬರಬೇಕಾದ ಹಣವೇ ಬಿಲ್, ಅದು ತಡವಾದ ವರ್ಷ ಮನೆಯ ಮದುವೆಯೂ ಮುಂದಕ್ಕೆ ಹೋಗುತ್ತದೆ.

ರನ್ನ ಬೆಳಗಲಿ ಕವಿ ರನ್ನನ ಊರು. ಅವನ ಕಾಲದ, ಹತ್ತನೆಯ ಶತಮಾನದ ಕನ್ನಡದಲ್ಲಿ ಒಡೆಯನ ಅನ್ನ ಉಂಡವನು ತೀರಿಸಬೇಕಾದ ಋಣಕ್ಕೆ ‘ಜೋಳದ ಪಾಳಿ’ ಎಂಬ ಚೆಂದದ ಮಾತಿತ್ತು. ಅದು ಈಗ ಯಾರ ಬಾಯಲ್ಲೂ ಇಲ್ಲ. ಪಗಾರ ಇದೆ. ಅದನ್ನು ಅಶುದ್ಧವೆಂದು ಮಕ್ಕಳ ಪಾಟಿಯಲ್ಲಿ ತಿದ್ದುವುದು ತಪ್ಪು. ಸಂಬಳವೂ ಸಂಸ್ಕೃತದಿಂದ ಬಂದ ಪದ, ಅಲ್ಲಿ ಅದಕ್ಕೆ ದಾರಿಬುತ್ತಿ ಎಂದರ್ಥ.