ಅಪ್ಪನಿಗೆ ಹೊಳಿ ಮುಟ್ಟಬೇಕಂತ

ಅಣ್ಣ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾನೆ. ಅರಿಜೋನಾ ರಾಜ್ಯದ ಮರುಭೂಮಿ ಊರು ಅದು. ಅಪ್ಪನನ್ನೂ ನನ್ನನ್ನೂ ಕರೆಸಿಕೊಂಡು ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ತೋರಿಸಬೇಕು ಅಂತ ಅವನ ಆಸೆ. ವೀಸಾ ಸಿಕ್ಕ ದಿನ ವಿಡಿಯೊ ಕಾಲ್ ಮಾಡಿ ಫೋಟೊ ತೋರಿಸಿದ. ಕಣ್ಣು ಹಾಯುವಷ್ಟು ದೂರ ಕೆಂಪು ಬಂಡೆಗಳ ಕಣಿವೆ, ತಳದಲ್ಲಿ ದಾರದ ಎಳೆಯಂಥ ಒಂದು ಗೆರೆ. ಅಪ್ಪ ಕನ್ನಡಕ ಏರಿಸಿಕೊಂಡು ಆ ಗೆರೆಯನ್ನೇ ನೋಡಿದ.

"ಅದು ಹೊಳಿ ಏನಪಾ?"

"ಹೌದಪ್ಪ, ಕೊಲರಾಡೊ ಹೊಳಿ."

"ಹಂಗಾರ ಇಳಿದು ನೀರು ಮುಟ್ಟಿ ಬರೋಣು."

ಅಣ್ಣ ಹೂಂ ಅಂದುಬಿಟ್ಟ. ಲೆಕ್ಕ ಹಾಕುವ ಕೆಲಸ ನನ್ನ ತಲೆಗೆ ಬಂತು. ಅಪ್ಪನಿಗೆ 66 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ.

ಅಣ್ಣ ಹೇಳಿದ್ದು ಜೂನ್ ತಿಂಗಳು, ಮಕ್ಕಳಿಗೆ ಶಾಲೆ ರಜೆ ಅಂತ. ಅಲ್ಲಿ ಬಿಸಿಲು ಜಾಸ್ತಿ ಅಂದರೆ ಅಪ್ಪ ನಕ್ಕ. "ರಾಯಚೂರಾಗ ಹುಟ್ಟಿದವರಿಗೆ ಬಿಸಲಿನ ಸುದ್ದಿ ಹೇಳ್ತಿಯೇನವ್ವಾ?" ನನಗೂ ಮೊದಲು ಹಾಗೇ ಅನಿಸಿತ್ತು. ಪಾರ್ಕಿನವರು ಕೊಟ್ಟಿರುವ ಸೂಚನೆ ಓದಿದ ಮೇಲೆ ನಗು ನಿಂತಿತು.

ಜನ ನಿಂತು ನೋಡುವ ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬೇಸಿಗೆಯಲ್ಲೂ ಹಿತವಾದ ಗಾಳಿ, ರಾತ್ರಿ ಸ್ವೆಟರ್ ಬೇಕು. ಆ ತಂಪು ನಂಬಿ ಇಳಿದರೆ ಕೆಟ್ಟೆವು. ಇಳಿದಷ್ಟೂ ಸೆಕೆ ಏರುತ್ತದೆ. ತಳದಲ್ಲಿ ಜೂನ್, ಜುಲೈನಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಬ್ರೈಟ್ ಏಂಜಲ್ ಎಂಬ ಕಾಲುದಾರಿ ಹಿಡಿದರೆ ಹೊಳೆಗೆ ಒಂದು ಕಡೆಗೇ ಸುಮಾರು 12 ಕಿಲೋಮೀಟರ್, ಇಳಿಯುವ ಆಳ 1,300 ಮೀಟರಿಗೂ ಹೆಚ್ಚು. ಒಂದೇ ದಿನದಲ್ಲಿ ಹೊಳೆಗೆ ಹೋಗಿ ವಾಪಸ್ ಬರುವ ಸಾಹಸ ಬೇಡ, ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಣಿವೆಯೊಳಗೆ ನಡೆಯಬೇಡಿ ಅಂತ ಪಾರ್ಕಿನವರೇ ಹೇಳುತ್ತಾರೆ.

ಅಪ್ಪನಿಗೆ ಹೇಗೆ ತಿಳಿಸಲಿ? ಅಂಜನಾದ್ರಿ ನೆನಪಾಯಿತು. ಅಲ್ಲಿ 575 ಮೆಟ್ಟಿಲು ಹತ್ತುವಾಗಲೇ ಸುಸ್ತು ಗೊತ್ತಾಗುತ್ತದೆ. ಆಗಲಿಲ್ಲ ಅಂದರೆ ಅರ್ಧಕ್ಕೆ ಕೈಮುಗಿದು ಇಳಿಯಬಹುದು. ಈ ಕಣಿವೆ ತಿರುಗಿಸಿಟ್ಟ ಬೆಟ್ಟ. ಮೊದಲು ಇಳಿಜಾರು, ಕಾಲು ತಾನಾಗಿ ಓಡುತ್ತದೆ. ಸುಸ್ತಾಯಿತು ಅನ್ನುವ ಹೊತ್ತಿಗೆ ಹತ್ತುವ ಕೆಲಸ ಪೂರ್ತಿ ಬಾಕಿ. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತಲು ಬೇಕಂತೆ. ಒಣ ಗಾಳಿಗೆ ಬೆವರು ಅಲ್ಲಲ್ಲೇ ಆರಿಹೋಗಿ, ಮೈಯ ನೀರು ಖಾಲಿಯಾಗುವುದು ತಿಳಿಯುವುದಿಲ್ಲ. ಹಾಗಂತ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದೂ ಜೀವಕ್ಕೆ ಕುತ್ತು, ಜೊತೆಗೆ ಉಪ್ಪಿನ ತಿಂಡಿ ತಿನ್ನಿ ಅನ್ನುತ್ತಾರೆ. ಇದನ್ನು ಓದಿ ಹೇಳಿದಾಗ ಅಪ್ಪ, "ಉಪ್ಪು ಹಾಕಿದ ಮಜ್ಜಿಗಿ ಕುಡೀಬೇಕು ಅನ್ನೂದು ಅವರಿಗೂ ಗೊತ್ತೈತಿ ಬಿಡು" ಅಂದ. ಉಳಿದಿದ್ದು ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ.

ಅಣ್ಣನ ಜೊತೆ ಜಗಳವೇ ಆಯಿತು. "ಹೇಸರಗತ್ತೆ ಸವಾರಿ ಐತಿ, ಅದರ ಮ್ಯಾಲೆ ಕೂಡಿಸಿ ಕಳಸೋಣ" ಅಂದ. ನಿಯಮ ನೋಡಿದೆ. ಸವಾರರಿಗೆ ಇಂಗ್ಲಿಷ್ ಚೆನ್ನಾಗಿ ಗೊತ್ತಿರಬೇಕಂತೆ. (ಹೇಸರಗತ್ತೆಗೆ ಗೊತ್ತಿದೆಯೋ ಇಲ್ಲವೋ!) ಕೊನೆಗೆ ಅಪ್ಪನ ಡಾಕ್ಟರನ್ನೇ ಕೇಳಿದೆವು. ಅಂಚಿನ ಮೇಲೆ ನಿಧಾನವಾಗಿ ಓಡಾಡಲಿ, ಇಳಿದು ಹತ್ತುವುದು ಬೇಡ ಅಂದರು.

ಅಂದು ರಾತ್ರಿ ಅಪ್ಪ ಊಟ ಮುಗಿಸಿ ಕಟ್ಟೆ ಮೇಲೆ ಸುಮ್ಮನೆ ಕೂತಿದ್ದ. ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮೇಲಿನವರೆಲ್ಲ ಹರಿಸಿಕೊಂಡು ಮಿಕ್ಕಿದ್ದು ನಮಗೆ. ಎಷ್ಟೋ ವರ್ಷ ಮಿಕ್ಕಿದ್ದೇ ಇಲ್ಲ. ನೀರು ಕಂಡಲ್ಲೆಲ್ಲ ಇಳಿದು ಕೈ ಹಾಕುವ ಅಪ್ಪನ ಚಾಳಿ ಅಲ್ಲಿಂದ ಬಂದಿರಬೇಕು.

ಮತ್ತೆ ನಕ್ಷೆ ತೆಗೆದೆ. ಹೊಳೆಯನ್ನೇ ಬೆರಳಲ್ಲಿ ಹಿಡಿದು ಮೇಲಕ್ಕೆ ಹೋದೆ. ಕಣಿವೆ ಶುರುವಾಗುವ ಕಡೆ ಲೀಸ್ ಫೆರಿ ಎಂಬ ಜಾಗ ಸಿಕ್ಕಿತು. ಹಿಂದೆ ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದ ಕಡವು. ಅಲ್ಲಿ ಕಾರು ನೀರಿನ ಹತ್ತಿರದವರೆಗೆ ಹೋಗುತ್ತದೆ! ಸ್ವಲ್ಪ ಮೇಲೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆ. 1963ರಿಂದ ಕೆಂಪು ಹೂಳೆಲ್ಲ ಅದರ ಹಿಂದೆ ನಿಲ್ಲುತ್ತಿದೆ. ಕೆಂಪು ಬಣ್ಣದಿಂದಲೇ ಕೊಲರಾಡೊ ಅನ್ನಿಸಿಕೊಂಡ ಹೊಳೆ, ಲೀಸ್ ಫೆರಿಯಲ್ಲಿ ಹೆಚ್ಚಾಗಿ ಹಸಿರಾಗಿ, ತಣ್ಣಗೆ ಹರಿಯುತ್ತದೆ. ನಮ್ಮ ಡ್ಯಾಮಿನ ಕಥೆಯೂ ಇದೇ ಅಲ್ಲವೇ? 133 ಟಿಎಂಸಿ ಹಿಡಿಯಬೇಕಿದ್ದದ್ದು ಹೂಳು ತುಂಬಿ ಈಗ 105ರ ಆಸುಪಾಸಿನಲ್ಲಿದೆ. ಅಲ್ಲಿಯೂ ಏಳು ರಾಜ್ಯಗಳು ಮತ್ತು ಮೆಕ್ಸಿಕೊ ದೇಶ ನೀರು ಹಂಚಿಕೊಂಡು, ಹೊಳೆ ಬಹಳಷ್ಟು ವರ್ಷ ಸಮುದ್ರ ಮುಟ್ಟುವುದೇ ಇಲ್ಲ. ಇದನ್ನು ಕೇಳಿ ಅಪ್ಪ, "ಅಂದ್ರ ಸಮುದ್ರನೂ ಟೇಲ್ ಎಂಡ್ ಆತು" ಅಂದ.

ಈಗಿನ ಯೋಜನೆ ಹೀಗಿದೆ. ಜೂನ್ ಬಿಟ್ಟು ಅಕ್ಟೋಬರ್, ಆಗಲೂ ಮಕ್ಕಳಿಗೆ ಕೆಲವು ದಿನ ರಜೆ ಇದೆ. ಭತ್ತ ಹೊಲದಲ್ಲೇ ಇರುತ್ತದೆ, ನೀರಿನ ಸರದಿ ನೋಡಲು ಕಾಕಾ ಒಪ್ಪಿದ್ದಾರೆ. ಪಾರ್ಕಿನೊಳಗಿನ ರೂಮುಗಳಿಗೆ 13 ತಿಂಗಳು ಮೊದಲೇ ಬುಕಿಂಗ್ ಶುರುವಾಗುವುದರಿಂದ ನಮಗೆ ಸಿಕ್ಕಿಲ್ಲ, ಗೇಟಿನ ಹೊರಗಿನ ತುಸಾಯಾನ್ ಊರಲ್ಲಿ ಅಣ್ಣ ರೂಮು ಹಿಡಿದಿದ್ದಾನೆ. ಫೀನಿಕ್ಸ್‌ನಿಂದ ಕಾರಲ್ಲಿ ನಾಲ್ಕು ತಾಸು. ಎರಡು ದಿನ ಅಂಚಿನ ಮೇಲೆ, ಪಾರ್ಕಿನ ಪುಕ್ಕಟೆ ಬಸ್ಸಲ್ಲಿ ಓಡಾಟ. ಮೂರನೆಯ ದಿನ ಡೆಸರ್ಟ್ ವ್ಯೂ ದಾರಿ ಹಿಡಿದು, 1932ರ ಕಲ್ಲಿನ ಗೋಪುರದ ಹತ್ತಿರ ನಿಂತು, ನವಾಹೊ ಜನರ ಸೀಮೆ ದಾಟಿ ಲೀಸ್ ಫೆರಿಗೆ. ನೀರಿನ ಸೆಳೆತ ಜೋರು, ಈಜುವುದಿಲ್ಲ ಅಂತ ಅಪ್ಪನಿಂದ ಮಾತು ತೆಗೆದುಕೊಂಡಿದ್ದೇನೆ.

"ಅಲ್ಲಿ ನೀರಿಗೆ ಇಳಿಯಾಕ ಮೆಟ್ಲು ಅದಾವೇನು?" ನಿನ್ನೆ ಕೇಳಿದ.

ಮೆಟ್ಟಿಲಿಲ್ಲ, ದೋಣಿ ಇಳಿಸುವ ಇಳಿಜಾರು ಇದೆ, ದಂಡೆಯಲ್ಲಿ ಕಲ್ಲು ಅಂದೆ.

"ಹಂಗಾರ ಆ ಹೊಸ ಬೂಟು ಬ್ಯಾಡ. ನನ್ನ ಹಳೇ ಚಪ್ಪಲಿ ಬ್ಯಾಗಿನಾಗ ಇಡು."