ಗಂಟೆ ಬಾರಿಸಿದವರ ಲೆಕ್ಕ

ಕ್ಯಾಲಿಫೋರ್ನಿಯಾದ ಕೊರೊನಾಡೊ ಕಡಲತೀರದಲ್ಲಿ, ಅಮೆರಿಕದ ನೇವಿ ಸೀಲ್ ಕಮಾಂಡೊಗಳು ತಯಾರಾಗುವ ಅಂಗಳದಲ್ಲಿ, ಒಂದು ಹಿತ್ತಾಳೆ ಗಂಟೆಯಿದೆ. ಸಾಕಾದವನು ಅದನ್ನು ಮೂರು ಸಲ ಬಾರಿಸಿ, ತನ್ನ ಹೆಲ್ಮೆಟ್ಟನ್ನು ಸಾಲಿನಲ್ಲಿಟ್ಟು ಹೊರಡುತ್ತಾನೆ. ಆ ಸಾಲು ಉದ್ದವಾದಷ್ಟೂ ತರಬೇತಿ ಗಟ್ಟಿ ಎಂದು ಬೀಗುತ್ತಿದ್ದ ಕಾಲವೊಂದಿತ್ತು. ನೂರಕ್ಕೆ ಎಪ್ಪತ್ತು ಮಂದಿ ಉದುರಿದರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಈ ನಂಬಿಕೆಯ ಬೇರು 1943ರಷ್ಟು ಹಳೆಯದು. ಆ ವರ್ಷ ಫ್ಲೋರಿಡಾದ ಫೋರ್ಟ್ ಪಿಯರ್ಸ್‌ನಲ್ಲಿ ನೌಕಾಪಡೆಯ ಅಧಿಕಾರಿ ಡ್ರೇಪರ್ ಕಾಫ್‌ಮನ್ ತರಬೇತಿಯ ಮೊದಲಿಗೇ ‘ಹೆಲ್ ವೀಕ್’ ಇಟ್ಟರು, ಹುಡುಗರ ಜೊತೆ ತಾವೂ ಕೆಸರಿಗಿಳಿದರು. ಐದೂವರೆ ದಿನ ತಣ್ಣೀರು, ಮರಳು, ತಲೆಯ ಮೇಲೆ ರಬ್ಬರ್ ದೋಣಿ. ನಿದ್ದೆ ಒಟ್ಟಾರೆ ನಾಲ್ಕು ಗಂಟೆ. ಇಂದು ಅದರ ಸ್ವರೂಪ ಇದು.

ಆದರೆ ಉದುರಿದ್ದೆಲ್ಲ ಜಳ್ಳು ಎನ್ನುವುದು ತಪ್ಪು ಲೆಕ್ಕ. ಸೋಲುವುದು ಮೈಯೇ ಆಗಿದ್ದರೆ ವಾರದ ಕೊನೆಗೆ ಗಂಟೆ ಹೆಚ್ಚು ಮೊಳಗಬೇಕಿತ್ತು. ಬಹುಪಾಲು ಮಂದಿ ಬಿಡುವುದು ಮೊದಲ ಎರಡು ಮೂರು ದಿನಗಳಲ್ಲೇ. ನಡೆಯುತ್ತಿರುವ ಕಷ್ಟಕ್ಕಿಂತ ಬರಲಿರುವ ಕಷ್ಟದ ಎಣಿಕೆಯೇ ಅವರನ್ನು ಕೆಡವುತ್ತದೆ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಮನಶ್ಶಾಸ್ತ್ರಜ್ಞೆ ಏಂಜೆಲಾ ಡಕ್‌ವರ್ತ್ ಕಂಡದ್ದೂ ಇದಕ್ಕೆ ಹತ್ತಿರದ್ದೇ: ಮೊದಲ ಬೇಸಿಗೆಯ ತರಬೇತಿ ಯಾರು ಮುಗಿಸುತ್ತಾರೆಂದು ಹೇಳಲು ಅಕಾಡೆಮಿಯ ಅಂಕಗಳಿಗಿಂತ ಛಲದ ಪ್ರಶ್ನಾವಳಿಯೇ ಹೆಚ್ಚು ನೆರವಾಯಿತು. ಸೀಲ್ ತರಬೇತಿಯೂ ಮನಸ್ಸಿನತ್ತ ತಿರುಗಿತು. ಮುಂದಿನ ಊಟದವರೆಗೆ ಮಾತ್ರ ಗುರಿ ಇಟ್ಟುಕೊಳ್ಳುವುದು, ಬರುವುದನ್ನು ಮನಸ್ಸಿನಲ್ಲೇ ಒಮ್ಮೆ ಆಡಿಬಿಡುವುದು, ತನಗೆ ತಾನೇ ಧೈರ್ಯ ಹೇಳಿಕೊಳ್ಳುವುದು, ಉಸಿರನ್ನು ಹತೋಟಿಗೆ ತರುವುದು ಪಾಠಗಳಾದವು. ಪ್ರಾಣಾಯಾಮ ಗೊತ್ತಿರುವವರಿಗೆ ಕೊನೆಯದರಲ್ಲಿ ಹೊಸತೇನಿಲ್ಲ, ಬಿಡಿ. ಇಲಿನಾಯ್ಸ್‌ನ ಗ್ರೇಟ್ ಲೇಕ್ಸ್‌ನಲ್ಲಿ, ಕೊರೊನಾಡೊಗೆ ಬರುವ ಮುಂಚೆಯೇ ಹುಡುಗರನ್ನು ಹದಗೊಳಿಸುವ ಶಾಲೆಯೂ ಶುರುವಾಯಿತು.

ಹೀಗೆ ಕೈಹಿಡಿದು ನಡೆಸಿದರೆ ಗುಣಮಟ್ಟ ಇಳಿಯುವುದಿಲ್ಲವೇ ಎಂಬ ಆಕ್ಷೇಪಕ್ಕೆ ಆ ಶಾಲೆಯ ಓಟವೇ ಉತ್ತರ: ಅಲ್ಲಿಂದ ಹೊರಬೀಳಲು ನಾಲ್ಕು ಮೈಲಿಯನ್ನು 31 ನಿಮಿಷದಲ್ಲಿ ಓಡಬೇಕು. ಯುದ್ಧ ಯಾರಿಗೂ ಪೂರ್ವಸಿದ್ಧತೆಯ ಅವಕಾಶ ಕೊಡುವುದಿಲ್ಲ ಎನ್ನುವವರೂ ಇದ್ದಾರೆ. ನಿಜ, ಹಾಗೆಂದೇ ತರಬೇತಿ ಇರುವುದು. ಉದುರಿಸುವುದನ್ನೇ ಸಾಧನೆ ಎಂದುಕೊಂಡರೆ ನಿಜವಾದ ಕಾಯಿಲೆಯೂ ಅಳ್ಳೆದೆಯಂತೆ ಕಾಣತೊಡಗುತ್ತದೆ. 2022ರ ಫೆಬ್ರವರಿಯಲ್ಲಿ ಹೆಲ್ ವೀಕ್ ಮುಗಿಸಿದ ಯುವಕನೊಬ್ಬ ಕೆಲವೇ ಗಂಟೆಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಆತ ಗಂಟೆ ಬಾರಿಸಿದವನಲ್ಲ, ಗೆದ್ದವನು. ವೈದ್ಯಕೀಯ ನಿಗಾ ಸಾಲದಾಗಿತ್ತೆಂದು ನೌಕಾಪಡೆಯ ತನಿಖೆಯೇ ಹೇಳಿತು. ಈಗ ವಾರ ಮುಗಿಸಿದವರನ್ನು ಅವರ ಪಾಡಿಗೆ ಬಿಡುವುದಿಲ್ಲ, ವೈದ್ಯಕೀಯ ಕಣ್ಗಾವಲಿನಲ್ಲಿ ಇಡುತ್ತಾರೆ.