ಗೇರ್ ಪೆಟ್ಟಿಗೆಯ ಕೆಂಪು ಎಣ್ಣೆ

ಇಂಜಿನ್ ಆಯಿಲ್ ಬದಲಿಸುವುದು ಎಲ್ಲರಿಗೂ ನೆನಪಿರುತ್ತದೆ. ಟೈರಿಗೆ ಗಾಳಿ ಹಿಡಿಸುವುದೂ ನೆನಪಿರುತ್ತದೆ. ಆದರೆ ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಕಾರಿನ ಗೇರ್ ಪೆಟ್ಟಿಗೆಯಲ್ಲಿ ಬೇರೊಂದು ಎಣ್ಣೆ ಇರುತ್ತದೆ, ಅದಕ್ಕೂ ವಯಸ್ಸಾಗುತ್ತದೆ ಎನ್ನುವುದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಮೆಕ್ಯಾನಿಕ್‌ಗಳು ಅದಕ್ಕೆ ಎಟಿಎಫ್ ಎನ್ನುತ್ತಾರೆ. ಹೊಸದಿದ್ದಾಗ ಸಾಮಾನ್ಯವಾಗಿ ಗುಲಾಬಿ ಶರಬತ್ತಿನಂತೆ ಕೆಂಪಗಿರುತ್ತದೆ. ಅದು ಎಣ್ಣೆಯ ಸ್ವಂತ ಬಣ್ಣವಲ್ಲ. ಸೋರಿದರೆ ಇಂಜಿನ್ ಆಯಿಲ್‌ನಿಂದ ಬೇರೆಯಾಗಿ ಗುರುತು ಸಿಗಲಿ ಎಂದು ಹಾಕಿದ ಬಣ್ಣ. ನಮ್ಮ ಕಡೆ ಅಂಗಳಕ್ಕೆ ಹಾಸಿದ ಶಹಾಬಾದ ಕಲ್ಲಿನ ಮೇಲೆ ಒಂದು ಹನಿ ಬಿದ್ದರೂ ಎದ್ದು ಕಾಣುತ್ತದೆ.

ಈ ಎಣ್ಣೆಯ ವಿಚಾರ ನನಗೇಕೆ ಎಂದು ನೀವು ಕೇಳಬಹುದು. ನನ್ನ ಎಡ ಮೊಣಕಾಲು ಕ್ಲಚ್ ತುಳಿಯುವುದನ್ನು ಬಿಟ್ಟು ವರ್ಷಗಳಾದವು. ನನ್ನಾಕೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಸೇಡಂನಿಂದ ಕಲಬುರಗಿಗೆ ಐವತ್ತಕ್ಕೂ ಮೇಲ್ಪಟ್ಟು ಕಿಲೋಮೀಟರ್. 31,000 ಕಿ.ಮೀ. ಓಡಿದ್ದ ಆಟೊಮ್ಯಾಟಿಕ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆವು. ಅದು ದಾರಿಯಲ್ಲಿ ನಿಂತರೆ ನಮಗೆ ಬರೀ ಖರ್ಚಿನ ಮಾತಲ್ಲ.

ಈ ಎಣ್ಣೆ ಮಾಡುವ ಕೆಲಸ ಏನು? ಮಕ್ಕಳೇ, ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಡಿ. ಒಂದನ್ನು ಮಾತ್ರ ಚಾಲೂ ಮಾಡಿ. ಅದರ ಗಾಳಿಗೆ ಇನ್ನೊಂದು ಫ್ಯಾನಿನ ರೆಕ್ಕೆಯೂ ಮೆಲ್ಲಗೆ ತಿರುಗತೊಡಗುತ್ತದೆ. ಹಳೆಯ ರೀತಿಯ ಆಟೊಮ್ಯಾಟಿಕ್ ಕಾರಿನೊಳಗೆ ಹೀಗೇ ಎರಡು ರೆಕ್ಕೆಚಕ್ರಗಳಿರುತ್ತವೆ, ನಡುವೆ ಗಾಳಿಯ ಬದಲು ಎಣ್ಣೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಇಂಜಿನ್ನಿನ ಬಲವನ್ನು ದಾಟಿಸುವುದು ಎಣ್ಣೆ. ಗೇರ್ ಬದಲಾಗುವಾಗ ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಎಣ್ಣೆಯೇ. ಸವೆಯದಂತೆ ಜಾರಿಸುವುದು, ಕಾವನ್ನು ಹೊತ್ತು ಹೊರಗೆ ಸಾಗಿಸುವುದು ಕೂಡ ಅದರದೇ ಕೆಲಸ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಜನರಲ್ ಮೋಟಾರ್ಸ್ ಕಂಪನಿ ಇಂಥ ಗೇರ್ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಾಗಿನಿಂದಲೂ ನಂಬಿಕೆ ಎಲ್ಲ ಎಣ್ಣೆಯ ಮೇಲೆಯೇ.

ಇದನ್ನು ಮುಪ್ಪಾಗಿಸುವುದು ಕಿಲೋಮೀಟರಿಗಿಂತ ಹೆಚ್ಚಾಗಿ ಕಾವು. ಮಿರ್ಚಿ ಭಜಿ ಬಂಡಿಯ ಬಾಣಲೆ ನೋಡಿದ್ದೀರಲ್ಲ, ಮಧ್ಯಾಹ್ನ ಹೊನ್ನಿನ ಬಣ್ಣ, ರಾತ್ರಿಯ ಹೊತ್ತಿಗೆ ಕಪ್ಪು, ಕಮಟು ವಾಸನೆ. ಎಣ್ಣೆ ಹತ್ತು ಡಿಗ್ರಿ ಹೆಚ್ಚು ಕಾದರೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿ ಎನ್ನುವುದು ರಸಾಯನಶಾಸ್ತ್ರದ ಒಂದು ಅಂದಾಜು ಲೆಕ್ಕ.

ಬ್ಯಾಂಕಿನ ವರ್ಗಾವಣೆಯಲ್ಲಿ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲ ಸುತ್ತಿ ಬಂದವನು ನಾನು. ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಮುಂದೆ ಸಿಮೆಂಟ್ ಲಾರಿ, ಅದರ ಹಿಂದೆ ತೆವಳುವ ನಾವು. ರೈಲ್ವೆ ಗೇಟ್ ಬಿದ್ದಾಗ ಗೇರನ್ನು ‘ಡಿ’ಯಲ್ಲೇ ಇಟ್ಟು ಬ್ರೇಕ್ ಒತ್ತಿ ಕೂತರೆ ಒಂದು ರೆಕ್ಕೆಚಕ್ರ ತಿರುಗುತ್ತಲೇ ಇರುತ್ತದೆ, ಇನ್ನೊಂದು ನಿಂತಿರುತ್ತದೆ. ನಡುವಿನ ಎಣ್ಣೆ ಸುಮ್ಮನೆ ಕಡೆದು ಕಾಯುತ್ತದೆ. ಅದಕ್ಕೇ ನಾನು ಗೇಟಿನಲ್ಲಿ ‘ಎನ್’ಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೆಯುತ್ತೇನೆ. ಕಲ್ಲಿನ ಧೂಳು ಗೇರ್ ಪೆಟ್ಟಿಗೆಯ ಒಳಗೆ ಹೋಗದಿದ್ದರೂ ರೇಡಿಯೇಟರಿನ ಜಾಲರಿಯ ಮೇಲೆ ಕೂತು ಗಾಳಿ ಕಟ್ಟುತ್ತದೆ, ಮತ್ತೆ ಕಾವು ಏರುತ್ತದೆ.

ಕಾರಿನ ಜೊತೆ ಕೊಡುವ ಪುಸ್ತಕವನ್ನು ಓದುವವರು ಕಡಿಮೆ. ಖಾತೆ ಪುಸ್ತಕ ಓದಿಯೇ ಹೊಟ್ಟೆ ಹೊರೆದ ನನಗೆ ಅದು ರುಚಿ. ನಮ್ಮ ಕಾರಿನ ಪುಸ್ತಕದಲ್ಲಿ ಸಾಮಾನ್ಯ ಬಳಕೆಗೆ 80,000 ಕಿ.ಮೀ., ಕಠಿಣ ಬಳಕೆಗೆ 40,000 ಎಂದಿದೆ. ಕಠಿಣ ಬಳಕೆ ಎಂದರೆ ವಿಪರೀತ ಬಿಸಿಲು, ಧೂಳು, ನಿಂತು ನಿಂತು ಸಾಗುವ ದಾರಿ. ನಮ್ಮ ಊರುಗಳನ್ನೇ ನೋಡಿ ಬರೆದಂತಿದೆ! ನಿಮ್ಮ ಕಾರಿನ ಅಂಕಿ ಬೇರೆ ಇರಬಹುದು, ಆ ಪುಟವನ್ನು ಒಮ್ಮೆ ಹುಡುಕಿ.

40,000 ತುಂಬಿದ ವಾರ ಒಂದು ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ, “ಅದು ಲೈಫ್‌ಟೈಮ್ ಆಯಿಲ್ ಅದರಿ ಸರ್, ಮುಟ್ಟೂದೇ ಬ್ಯಾಡ್ರಿ” ಎಂದ. ಯಾರ ಲೈಫು ಎಂದು ಕೇಳಿದೆ. ಎಣ್ಣೆಯದೋ, ಗೇರ್ ಪೆಟ್ಟಿಗೆಯದೋ, ನನ್ನದೋ? ಅವನು ನಕ್ಕ. ಪುಟ ತೆರೆದು ಅವನ ಮುಂದಿಟ್ಟೆ. ಒಳಗೆ ಹೋಗಿ ವಿಚಾರಿಸಿ ಬಂದು ಕಾರನ್ನು ಲಿಫ್ಟಿಗೆ ಏರಿಸಿದ.

ಬಂದ ಎಣ್ಣೆ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಪುಣ್ಯಕ್ಕೆ ಸುಟ್ಟ ವಾಸನೆ ಇರಲಿಲ್ಲ. ತಳದ ಅಯಸ್ಕಾಂತಕ್ಕೆ ತೆಳುವಾದ ಬೂದು ಕೆಸರು ಅಂಟಿತ್ತು. ಅಷ್ಟು ಸಹಜವಂತೆ, ಲೋಹದ ಚೂರುಗಳಿದ್ದರೆ ಮಾತ್ರ ಗಾಬರಿಯಾಗಬೇಕು. ಒಮ್ಮೆಗೆ ಎಲ್ಲ ಎಣ್ಣೆಯೂ ಇಳಿಯುವುದಿಲ್ಲ, ಟಾರ್ಕ್ ಕನ್ವರ್ಟರಿನಲ್ಲಿ ಬಹಳಷ್ಟು ಉಳಿದುಬಿಡುತ್ತದೆ. ಅದಕ್ಕೆ ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸಿದೆವು. ಪುಸ್ತಕದಲ್ಲಿ ಹೇಳಿದ ನಮೂನೆಯ ಎಣ್ಣೆಯನ್ನೇ ಹಾಕಿಸಬೇಕು, ಕೆಂಪಗಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

‘ಡಿ’ಗೆ ಹಾಕಿದ ಮೇಲೆ ಕಾರು ತಡೆದು ತಡೆದು ಹೊರಡುವುದು, ಗೇರ್ ಬದಲಾಗುವಾಗ ಜರ್ಕ್, ಇಂಜಿನ್ ಕೂಗಿದರೂ ವೇಗ ಏರದಿರುವುದು, ಸುಟ್ಟ ವಾಸನೆ. ಇವು ಕಂಡರೆ ಕೂಡಲೇ ತೋರಿಸಬೇಕು. ಆದರೆ ಇವು ಕಾಣುವವರೆಗೆ ಕಾಯುವುದು ತಡ. ಪ್ಲೇಟು ಸವೆದ ಮೇಲೆ ಹೊಸ ಎಣ್ಣೆ ಅದನ್ನು ಬೆಳೆಸಿಕೊಡುವುದಿಲ್ಲ.

ಮೊಮ್ಮಗಳಿಗೆ ಒಂದು ಸಂಗತಿ ಹೇಳಿದಾಗ ನಂಬಲೇ ಇಲ್ಲ. ಒಂದು ಕಾಲದಲ್ಲಿ ಈ ಎಣ್ಣೆಗೆ ಸ್ಪರ್ಮ್ ಜಾತಿಯ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು, ಗೇರ್ ನುಣ್ಣಗೆ ಬೀಳಲೆಂದು. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಕಂಪನಿಗಳು ಬೇರೆ ರಾಸಾಯನಿಕ ಹುಡುಕಿಕೊಳ್ಳಬೇಕಾಯಿತು. “ಮುತ್ಯಾ, ನಮ್ಮ ಕಾರಿನ್ಯಾಗ ಮೀನ ಇಲ್ಲ ಹೌದಿಲ್ರಿ?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ತಿಮಿಂಗಿಲ ಮೀನಲ್ಲ ಎಂಬ ಪಾಠ ಅಲ್ಲಿಂದ ಶುರುವಾಯಿತು.

ಇನ್ನೊಂದು ಮಾತು. 2014ರಲ್ಲಿ ಮಾರುತಿ ಸೆಲೆರಿಯೊ ಬಂದಾಗಿನಿಂದ ನಮ್ಮಲ್ಲಿ ಹರಡಿದ ಎಎಂಟಿ ಕಾರುಗಳಿಗೂ ಕ್ಲಚ್ ಪೆಡಲ್ ಇಲ್ಲ, ಆದರೆ ಅವುಗಳ ಒಳಗಿರುವುದು ಕೈಯಿಂದ ಹಾಕುವಂಥದೇ ಗೇರ್ ಪೆಟ್ಟಿಗೆ. ಅದಕ್ಕೆ ಈ ಕೆಂಪು ಎಣ್ಣೆ ಬೇಡ, ಗೇರ್ ಆಯಿಲ್ ಬೇಕು. ಸಿವಿಟಿ ಕಾರುಗಳ ಎಣ್ಣೆಯೇ ಬೇರೆ.

ಕಾರಿಗೊಂದು ಪಾಸ್‌ಬುಕ್ ಮಾಡಿದ್ದೇವೆ. ಹಳೆಯ ಎಣ್ಣೆಯ ಒಂದು ಹನಿ, ಹೊಸದರ ಒಂದು ಹನಿ ಬಿಳಿ ಕಾಗದದ ಮೇಲೆ ಬಿಟ್ಟು ಒಣಗಿಸಿ ಮೊಮ್ಮಗಳು ಅದರಲ್ಲಿ ಅಂಟಿಸಿದ್ದಾಳೆ. ಕೆಳಗೆ ಅವಳದೇ ಅಕ್ಷರದಲ್ಲಿ: ಮುಂದಿನದು 80,000. ಈ ಸೋಮವಾರ ಕಲಬುರಗಿಯಿಂದ ಬಂದಾಗ ಮೀಟರಿನಲ್ಲಿ 51,312 ಇತ್ತು.